ಬಂಡೆಯ ಕೆಳಗಿನ ಊರುಗಳು

ತುಮಕೂರು ದಾಟಿ ಕೊರಟಗೆರೆಯ ರಸ್ತೆ ಹಿಡಿದರೆ ಮುಂದಿನದೆಲ್ಲ ಕಲ್ಲಿನ ಸೀಮೆ. ದೇವರಾಯನದುರ್ಗದ ಕಾಡು ಬಲಗಡೆ ಹಿಂದೆ ಬೀಳುತ್ತದೆ. ಆಮೇಲೆ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ನಿಡಗಲ್ಲು, ಪಾವಗಡ. ಒಂದು ಬೆಟ್ಟ ಮರೆಯಾಗುವ ಮೊದಲೇ ಇನ್ನೊಂದು ಎದ್ದು ನಿಲ್ಲುತ್ತದೆ. ನಡುವೆ ರಾಗಿ ಹೊಲ, ಕಡಲೆಕಾಯಿ ಹೊಲ, ಹುಣಸೆ ಮರಗಳು, ಬತ್ತಿದ ಕೆರೆಯಂಗಳದಲ್ಲಿ ಜಾಲಿ. ಮಲೆನಾಡಿನ ಬೆಟ್ಟಗಳಿಗೆ ಹಸಿರಿನ ಹೊದಿಕೆಯಿದೆ, ಇವು ಬರಿಮೈಯವು. ಎಲ್ಲಿ ಸೀಳಿದೆ, ಎಲ್ಲಿ ಉಬ್ಬಿದೆ, ಮಳೆನೀರು ಯಾವ ದಾರಿಯಲ್ಲಿ ಇಳಿದು ಕಪ್ಪು ಪಟ್ಟೆ ಎಳೆದಿದೆ ಎಂಬುದೆಲ್ಲ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಬಂಡೆ ಹತ್ತುವುದನ್ನು ಕಲಿಯಬೇಕೆಂದು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕಿಲ್ಲ. ಆದರೂ ಈ ಕಡೆ ಹಗ್ಗ ಹಿಡಿದು ಬರುವವರು ಕಡಿಮೆ. ಬೆಂಗಳೂರಿನ ಶಿಲಾರೋಹಣದ ತಂಡಗಳು ಹೋಗುವುದು ಹೆಚ್ಚಾಗಿ ತುರಹಳ್ಳಿಗೆ, ರಾಮನಗರಕ್ಕೆ, ಸಾವನದುರ್ಗಕ್ಕೆ. ನಾಲ್ಕು ದಿನ ಬಿಡುವಿದ್ದರೆ ಹಂಪಿಗೆ, ಇಲ್ಲವೇ ಕೆಂಪು ಮರಳುಗಲ್ಲಿನ ಬಾದಾಮಿಗೆ.

ರಾಮನಗರಕ್ಕೂ ಮಧುಗಿರಿಗೂ ನೆಲದಡಿಯಲ್ಲಿ ಒಂದು ನಂಟಿದೆ. ಎರಡೂ ಕಡೆಯ ಬೆಟ್ಟಗಳು ಒಂದೇ ಕಲ್ಲಿನ ಪಟ್ಟಿಗೆ ಸೇರಿದವು. ಕನಕಪುರದ ಆಸುಪಾಸಿನಲ್ಲಿ ಶುರುವಾಗಿ ಮಾಗಡಿ, ತುಮಕೂರಿನ ಪೂರ್ವಭಾಗ, ಮಧುಗಿರಿ, ಪಾವಗಡ, ಮೊಳಕಾಲ್ಮೂರು ಹಾದು ಹಂಪಿಯ ಕಡೆಗೆ, ಹತ್ತಿರಹತ್ತಿರ 400 ಕಿಲೋಮೀಟರ್ ಉದ್ದಕ್ಕೆ ಅದು ಹಬ್ಬಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ನೆನಪಿಗೆ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಕಲ್ಲಿಗೆ ಅದೇ ಉಳಿಯಿತು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ, ಮೆಲ್ಲಗೆ ತಣಿದು ಗಟ್ಟಿಯಾದ ಕಲ್ಲು ಇದು. ಮೆಲ್ಲಗೆ ತಣಿದದ್ದರಿಂದಲೇ ಹರಳುಗಳು ದೊಡ್ಡದಾಗಿ ಬೆಳೆದಿವೆ. ಮೇಲಿನ ಪದರಗಳು ಸವೆದು ಭಾರ ಇಳಿದ ಮೇಲೆ ಒಳಗಿನ ಬಂಡೆ ಹಿಗ್ಗಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತ ಬಂತು. ಈ ಗುಂಡುಬೆನ್ನಿನ ಬೆಟ್ಟಗಳ ಆಕಾರಕ್ಕೆ ಅದೇ ಕಾರಣ. ಹತ್ತುವವರಿಗೆ ಈ ಎರಡು ಸಂಗತಿಗಳು ಬಹಳ ಮುಖ್ಯ. ಹರಳು ದೊಡ್ಡದಾದ್ದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ಪದರ ಬಿಡುವ ಕಲ್ಲಾದ್ದರಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವಂತಿಲ್ಲ.

ನಮ್ಮನ್ನು ಕರೆದೊಯ್ದವರನ್ನು ತಂಡದವರೆಲ್ಲ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಿಮಾಲಯದಲ್ಲಿ ಕಲಿತು ಬಂದು ಇಲ್ಲಿ ಕಲಿಸುವವರು, ಮಾತು ಕಡಿಮೆ. ತಂಡದಲ್ಲಿದ್ದ ಹುಡುಗಿಯೊಬ್ಬಳ ಸೋದರಮಾವನ ಊರು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಊರಾಚೆ ಒಳ್ಳೆಯ ಬಂಡೆಗಳಿವೆ, ಉಳಿದುಕೊಳ್ಳಲು ಮಾವನ ಮನೆಯಿದೆ ಎಂದು ಅವಳು ಹೇಳಿದ್ದೇ ನೆಪವಾಗಿ ಮೇಷ್ಟ್ರು ಈ ಸಲ ಉತ್ತರದ ದಾರಿ ಹಿಡಿದರು. ಮೊದಲ ಪಾಠ ಮಧುಗಿರಿಯ ಹತ್ತಿರದ ಒಂದು ಸಣ್ಣ ಬಂಡೆಯಲ್ಲಿ, ಆಮೇಲೆ ಮಧುಗಿರಿ ಕೋಟೆ, ಕೊನೆಗೆ ಕ್ಯಾತಗಾನಚೆರ್ಲು ಎಂದು ಗೊತ್ತುಮಾಡಿಕೊಂಡು ಹೊರಟೆವು.

ಪಾಠ ಬಂಡೆಯ ಮೇಲೆ ಶುರುವಾಗಲೇ ಇಲ್ಲ. ಬಂಡೆಯ ಬುಡದಲ್ಲಿ ಚಾಪೆ ಹಾಸಿ, ಚೀಲದಿಂದ ಸಾಮಾನನ್ನೆಲ್ಲ ತೆಗೆದು ಸಾಲಾಗಿ ಇಟ್ಟು, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕೆಂದರು. ಸೊಂಟಕ್ಕೂ ತೊಡೆಗಳಿಗೂ ಕಟ್ಟುವ ಹಾರ್ನೆಸ್. ಅಂಗೈಯಗಲದ ಅಲ್ಯೂಮಿನಿಯಮ್ ಕೊಂಡಿ ಕ್ಯಾರಾಬೀನರ್; ಉದ್ದಕ್ಕೆ ಎಳೆದರೆ ಎರಡು ಟನ್ನಿಗೂ ಮೀರಿದ ಭಾರ ತಡೆಯುವ ಅದೇ ಕೊಂಡಿ ಅಡ್ಡಡ್ಡ ಸಿಕ್ಕಿಕೊಂಡರೆ ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲನ್ನಷ್ಟೇ ತಡೆಯುತ್ತದೆ. ಹಗ್ಗದ ಬಗ್ಗೆ ಅವರು ಹೆಚ್ಚು ಹೊತ್ತು ಹೇಳಿದರು. ಬಾವಿಯ ಹಗ್ಗ ಎಷ್ಟು ದಪ್ಪವಿದ್ದರೂ ಬೀಳುವ ಮನುಷ್ಯನನ್ನು ಹಿಡಿಯಲು ಬಾರದು. ಅದು ಹಿಗ್ಗುವುದಿಲ್ಲ, ತಟ್ಟನೆ ನಿಲ್ಲಿಸಿದ ಪೆಟ್ಟೆಲ್ಲ ಬೆನ್ನುಮೂಳೆಗೆ ಬೀಳುತ್ತದೆ. ಆರೋಹಣದ ಹಗ್ಗದಲ್ಲಿ ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಜರ್ಮನಿಯ ಎಡೆಲ್‌ರಿಡ್ ಕಂಪನಿ 1953ರಲ್ಲಿ ಇದನ್ನು ತಂದದ್ದು. ಅದಕ್ಕೂ ಮೊದಲು ಹೊಸೆದ ನಾರಿನ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹತ್ತಿದವರಿಗೆ ಬೀಳುವುದೆಂದರೆ ಬಹುಪಾಲು ಸಾವೇ. ಬಿದ್ದಾಗ ರಬ್ಬರಿನಂತೆ ಹಿಗ್ಗಿ ಪೆಟ್ಟನ್ನು ತಾನೇ ನುಂಗಿಕೊಳ್ಳುವ ಹಗ್ಗ ಬಂದ ಮೇಲೆಯೇ ಬೀಳುತ್ತ ಕಲಿಯುವುದು ಸಾಧ್ಯವಾದದ್ದು.

ಆಮೇಲೆ ಗಂಟು. ಎಂಟರ ಆಕಾರದ ಗಂಟು ಹಾಕಿ, ಹಗ್ಗದ ತುದಿಯನ್ನು ಹಾರ್ನೆಸ್ಸಿನೊಳಗೆ ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೆಣೆಯಬೇಕು. ಜೋಡಿ ಎಳೆಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕದಲ್ಲಿ ಮಲಗಿರಬೇಕು. ಹಾಕಿದವರು ಒಮ್ಮೆ ನೋಡಿಕೊಳ್ಳಬೇಕು, ಹಗ್ಗ ಹಿಡಿಯುವವರು ಮುಟ್ಟಿ ನೋಡಬೇಕು, ಅವರ ಕೊಂಡಿಯ ತಿರುಪು ಬಿಗಿದಿದೆಯೇ ಎಂದು ಹತ್ತುವವರು ನೋಡಬೇಕು. ಎಷ್ಟು ಸಲ ಹತ್ತಿದರೂ ಅಷ್ಟೂ ಸಲ ಇದು ಆಗಬೇಕು. ನಮ್ಮಲ್ಲೊಬ್ಬರು, ‘ಈಗ ತಾನೇ ನೋಡಿದಿರಲ್ಲ ಸಾರ್’ ಎಂದಾಗ ಮೇಷ್ಟ್ರು ಉತ್ತರ ಕೊಡದೆ ಅವರ ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡಿದರು.

ಹತ್ತುವುದಕ್ಕಿಂತ ಮೊದಲು ಹಗ್ಗ ಹಿಡಿಯುವುದನ್ನು ಕಲಿಸಿದ್ದು ನನಗೆ ಬಹಳ ಹಿಡಿಸಿತು. ಬಿಲೇ ಎನ್ನುವುದು ಇದನ್ನೇ. ಬಂಡೆಯ ನೆತ್ತಿಯಲ್ಲಿ ಕಟ್ಟಿದ ಆಸರೆಯ ಮೂಲಕ ಹಾದು ಬಂದ ಹಗ್ಗದ ಒಂದು ತುದಿ ಹತ್ತುವವರ ಸೊಂಟಕ್ಕೆ, ಇನ್ನೊಂದು ಕಡೆ ಕೆಳಗೆ ನಿಂತವರ ಕೈಗೆ. ಹತ್ತುವವರು ಒಂದು ಗೇಣು ಮೇಲೆ ಹೋದರೆ ಒಂದು ಗೇಣು ಹಗ್ಗ ಎಳೆದುಕೊಳ್ಳಬೇಕು. ಎಡಗೈ ಸಡಿಲವಾದೀತು, ಬಲಗೈ ಮಾತ್ರ ಯಾವ ಗಳಿಗೆಯಲ್ಲೂ ಹಗ್ಗ ಬಿಡುವಂತಿಲ್ಲ. ನೊಣ ಬರಲಿ, ಬೆವರು ಕಣ್ಣಿಗೆ ಇಳಿಯಲಿ, ಜೇಬಿನಲ್ಲಿ ಫೋನ್ ಹೊಡೆದುಕೊಳ್ಳಲಿ, ಆ ಕೈ ಅಲ್ಲೇ ಇರಬೇಕು. ಫೋನುಗಳನ್ನೆಲ್ಲ ಮೇಷ್ಟ್ರು ಮೊದಲೇ ಒಂದು ಚೀಲಕ್ಕೆ ಹಾಕಿಸಿದ್ದರು. ಇನ್ನೊಬ್ಬರ ಜೀವ ಕೈಯಲ್ಲಿದೆ ಎಂದು ನಾವು ಮಾತಿಗೆ ಎಷ್ಟೋ ಸಲ ಹೇಳಿರುತ್ತೇವೆ. ಅದು ನಿಜವಾಗಿಯೂ ಕೈಯಲ್ಲಿರುವಾಗ ಅದಕ್ಕೊಂದು ತೂಕವಿರುತ್ತದೆ, ಹಗ್ಗದ ಮೂಲಕ ಅಂಗೈಗೆ ತಾಗುವ ನಡುಕವಿರುತ್ತದೆ. ಮೇಲಿನವರಿಗೆ ಹೆದರಿಕೆಯಾಗಿದೆ ಎಂಬುದು ಅವರು ಬಾಯಿ ಬಿಡುವ ಮೊದಲೇ ಕೆಳಗಿನವರಿಗೆ ತಿಳಿಯುತ್ತದೆ.

ಬಂಡೆಯ ಮೇಲೆ ಕಾಲಿಟ್ಟಾಗ ಮೊದಲು ಮರೆಯಬೇಕಾದದ್ದು ಕೈಗಳನ್ನು. ಈ ಇಳಿಜಾರು ಬಂಡೆಗಳಲ್ಲಿ ಹಿಡಿಯಲು ಏನೂ ಇರುವುದಿಲ್ಲ. ನಿಲ್ಲಬೇಕಾದದ್ದು ಶೂವಿನ ಮುಂಭಾಗದ ರಬ್ಬರಿನ ಮೇಲೆ. ಹಿಮ್ಮಡಿ ತಗ್ಗಿಸಬೇಕು, ಸೊಂಟವನ್ನು ಕಲ್ಲಿನಿಂದ ಹೊರಗೆ ಹಿಡಿಯಬೇಕು. ಹೆದರಿದ ಮೈ ಇದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತದೆ: ಬಂಡೆಗೆ ಅಪ್ಪಿಕೊಳ್ಳುತ್ತದೆ. ಅಪ್ಪಿಕೊಂಡ ಕೂಡಲೇ ಭಾರ ಕಾಲಿನ ಮೇಲಿಂದ ಜಾರಿ, ಪಾದ ಕೀಳುತ್ತದೆ. ನೆಟ್ಟಗೆ ನಿಂತಷ್ಟೂ ಬಂಡೆ ಹಿಡಿದುಕೊಳ್ಳುತ್ತದೆ ಎಂಬುದನ್ನು ತಲೆ ಒಪ್ಪಿದರೂ ಮೊಣಕಾಲು ಒಪ್ಪಲು ತಡವಾಗುತ್ತದೆ. ಮೊಣಕಾಲು ನಡುಗುವಾಗ ಮೇಷ್ಟ್ರು ಕೆಳಗಿನಿಂದ ಹೇಳುತ್ತಿದ್ದುದು ಒಂದೇ: ‘ಉಸಿರು ಬಿಡಿ. ಕಾಲಿನ ಹತ್ತಿರ ನೋಡಿ.’

ನೋಡಿದೆ. ಮೂಗಿನಿಂದ ಒಂದು ಮೊಳ ದೂರದಲ್ಲಿ ಕಲ್ಲು. ದೂರದಿಂದ ಬೂದು ಬಣ್ಣವೆಂದು ಕಂಡದ್ದರಲ್ಲಿ ಬೂದು ಬಣ್ಣವೇ ಇಲ್ಲ. ಹೆಬ್ಬೆರಳಿನ ಉಗುರಿನಷ್ಟು, ಕೆಲವು ಕಡೆ ಇನ್ನೂ ದೊಡ್ಡ, ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು, ಅಂಚು ನೇರ, ಕತ್ತರಿಸಿ ಕೂರಿಸಿದಂತೆ. ಅವುಗಳ ನಡುವೆ ಗಾಜಿನ ಬಣ್ಣದ ಸ್ಫಟಿಕ, ಅಲ್ಲಲ್ಲಿ ಹೊಳೆಯುವ ಕರಿಯ ಕಾಗೆಬಂಗಾರ. ಮೆತ್ತನೆಯ ಖನಿಜ ಮೊದಲು ಸವೆದು ಗಟ್ಟಿ ಹರಳು ಒಂದು ಕಾಳಿನಷ್ಟು ಎತ್ತರ ನಿಂತಿದೆ. ಕಾಲಿಡುವ ಜಾಗ ಅದೇ. ನೆಲದಿಂದ ನೋಡಿದಾಗ ನುಣ್ಣಗೆ ಕಂಡ ಬಂಡೆಯ ಮೇಲೆ ಇಂಥ ಮೆಟ್ಟಿಲುಗಳು ಎಷ್ಟು ಬೇಕಾದರೂ ಇದ್ದವು. ಪಕ್ಕದಲ್ಲೇ ಕಪ್ಪು ಪಟ್ಟೆ. ನೀರು ಹರಿದಲ್ಲಿ ಪಾಚಿ ಕಟ್ಟಿ ಒಣಗಿದ್ದು. ಒಣಗಿದಾಗ ಒರಟು, ಒಂದು ಹನಿ ಬಿದ್ದರೆ ಎಣ್ಣೆ. ಮಳೆ ನಿಂತ ಮರುದಿನವೂ ಆ ಪಟ್ಟೆಗಳ ಕಡೆ ಹೋಗಬಾರದೆಂದು ಮೇಷ್ಟ್ರು ತೋರಿಸಿಕೊಟ್ಟರು. ಬೆರಳಿನ ಗೆಣ್ಣಿನಿಂದ ಬಂಡೆಯನ್ನು ತಟ್ಟಿ ಕೇಳಿಸಿದರು. ಗಟ್ಟಿ ಕಲ್ಲು ಸದ್ದು ಮಾಡುವುದಿಲ್ಲ. ಪದರ ಬಿಟ್ಟ ಕಲ್ಲು ಪೊಳ್ಳಾಗಿ ಗುಯ್ಯೆನ್ನುತ್ತದೆ. ಅಂಥದ್ದಕ್ಕೆ ಭಾರ ಹಾಕಬಾರದು. ನನ್ನ ಮಟ್ಟಿಗೆ ಆ ದಿನದ ನಿಜವಾದ ವಿದ್ಯೆ ಇದು. ಮೇಲೆ ಮುಟ್ಟಿದೆನೋ ಇಲ್ಲವೋ ಎಂಬುದು ಸಂಜೆಯ ಹೊತ್ತಿಗೆ ಮರೆತಿತ್ತು. ಬಂಡೆಯನ್ನು ನೋಡುವ ಕಣ್ಣು ಮಾತ್ರ ಬೇರೆಯಾಗಿತ್ತು.

ಮಾರನೆಯ ಬೆಳಗ್ಗೆ ಮಧುಗಿರಿ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂಬ ಮಾತು ಪುಸ್ತಕಗಳಲ್ಲಿದೆ. ಸಾವನದುರ್ಗದ ಪರವಾಗಿಯೂ ಅಂಥ ಮಾತುಗಳಿವೆ. ಆ ಲೆಕ್ಕ ನನಗೆ ಬೇಡ. ಪೇಟೆಯ ಮನೆಗಳ ಹಿಂದೆ ಏಕಾಏಕಿ ಎದ್ದು ಆಕಾಶದ ಅರ್ಧ ತುಂಬುವ ಬಂಡೆಯನ್ನು ಕೆಳಗಿನಿಂದ ನೋಡಿದರೆ ಸಾಕು. ಇಲ್ಲಿ ನಾವು ಹಗ್ಗ ಬಿಚ್ಚಲಿಲ್ಲ. ಇದು ರಕ್ಷಿತ ಸ್ಮಾರಕ. ಬಂಡೆಗೆ ಮೊಳೆ ಹೊಡೆಯುವುದಾಗಲಿ ಗೋಡೆಗೆ ಹಗ್ಗ ಸುತ್ತುವುದಾಗಲಿ ಸಲ್ಲದು. ಹಿಂದಿನವರು ಕಡಿದಿಟ್ಟ ದಾರಿಯಲ್ಲಿ ನಡೆದು ಹತ್ತುವುದೇ ಇವತ್ತಿನ ಪಾಠ ಎಂದರು ಮೇಷ್ಟ್ರು.

ಮೊದಲರ್ಧ ಬಾಗಿಲುಗಳನ್ನೂ ಬುರುಜುಗಳನ್ನೂ ದಾಟುವ ಮೆಟ್ಟಿಲು ದಾರಿ. ಆಮೇಲೆ ಮೆಟ್ಟಿಲುಗಳು ಮುಗಿದು ಬಂಡೆಯ ಬೆನ್ನಿನ ಮೇಲೆ ಪಾದ ಊರುವಷ್ಟೇ ಗುಳಿಗಳು, ಪಕ್ಕದಲ್ಲಿ ಕಬ್ಬಿಣದ ಸರಳು. ಬಂದವರಲ್ಲಿ ಹಲವರು ಇಲ್ಲಿ ಕುಳಿತು ಹಿಂದಿರುಗುತ್ತಾರೆ. ನಾನು ಒಂದು ಗುಳಿಯ ಹತ್ತಿರ ಬಗ್ಗಿ ನೋಡಿದೆ. ಚಾಣದ ಗುರುತು ಇನ್ನೂ ಇದೆ. ಗುಳಿಯ ತಳ ಮಟ್ಟಸವಾಗಿಲ್ಲ, ಒಳಮುಖವಾಗಿ ಒಂದಿಷ್ಟು ಓರೆ. ಪಾದ ಜಾರದೆ ಒಳಕ್ಕೆ ಕೂರುವಂತೆ. ಇದನ್ನು ಕಡಿದ ಮನುಷ್ಯ ಸರಳು ಹಿಡಿದು ನಿಂತಿರಲಿಲ್ಲ, ಆಗ ಸರಳೇ ಇರಲಿಲ್ಲ. ಕೆಳಗೆ ಕಡಿದ ಗುಳಿಯಲ್ಲಿ ನಿಂತು ಮೇಲಿನದನ್ನು ಕಡಿದಿರಬೇಕು, ಒಂದು ಕೈಯಲ್ಲಿ ಚಾಣ, ಇನ್ನೊಂದರಲ್ಲಿ ಸುತ್ತಿಗೆ. ಕೋಟೆಯ ಕೀರ್ತಿ ಪಾಳೆಯಗಾರರಿಗೆ ಸಂದಿದೆ, 1678ರಲ್ಲಿ ಗೆದ್ದ ಮೈಸೂರಿನ ದಳವಾಯಿಗೆ ಸಂದಿದೆ, ಆಮೇಲೆ ಭದ್ರಪಡಿಸಿದ ಹೈದರಾಲಿಗೆ ಸಂದಿದೆ. ಈ ಸೀಮೆಯ ಮೊದಲ ಶಿಲಾರೋಹಿ ಮಾತ್ರ ಆ ಕಲ್ಲುಕುಟಿಗ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹತ್ತಿದವರೆಲ್ಲ ಸಂತೋಷಕ್ಕೆ ಹತ್ತಿದವರಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಹಿಡಿದು ಇಟ್ಟದ್ದು ಮಧುಗಿರಿಯಲ್ಲಿ. ಮಳೆಯ ಮಲೆನಾಡಿನಿಂದ ಬಂದ ಹೆಂಗಸು ಈ ಬಿಸಿಲುಬಂಡೆಯ ಮೇಲೆ ವರ್ಷಗಳನ್ನು ಕಳೆದಳು. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದಾಗ ಬಿಡುಗಡೆಯಾಯಿತು, ಆದರೆ ಪುಣೆ ಸೇರುವ ಮೊದಲೇ ದಾರಿಯಲ್ಲಿ ತೀರಿಕೊಂಡಳು. ನೆತ್ತಿಯ ಮೇಲೆ ಪಾಳುಬಿದ್ದ ಗೋಪಾಲಸ್ವಾಮಿ ಗುಡಿಯ ಹತ್ತಿರ ನಿಂತು ಪಶ್ಚಿಮಕ್ಕೆ ನೋಡಿದೆ. ಬಯಲು, ಇನ್ನೊಂದು ಬೆಟ್ಟ, ಮತ್ತೆ ಬಯಲು. ಇಳಿಯುವ ದಾರಿ ಕಣ್ಣೆದುರೇ ಇದ್ದೂ ಇಳಿಯಲಾರದ ಜಾಗ.

ಮಧುಗಿರಿಯ ಬಂಡೆಗೆ ಇನ್ನೊಬ್ಬ ಒಡೆಯನಿದ್ದಾನೆ: ಹೆಜ್ಜೇನು. ಕಡಿದಾದ ಕಡೆ, ಬಂಡೆ ಮುಂದಕ್ಕೆ ಚಾಚಿದ ಸೂರಿನಡಿಯಲ್ಲಿ ಕರಿಯ ಅರ್ಧಚಂದ್ರಗಳು ತೂಗುತ್ತವೆ. ಹೊಗೆ, ಅತ್ತರಿನ ವಾಸನೆ, ಗದ್ದಲ, ಮೇಲಿನಿಂದ ಉರುಳಿದ ಒಂದು ಕಲ್ಲು, ಯಾವುದಾದರೂ ಸಾಕು ಅವು ಏಳಲು. ಹಗ್ಗದಲ್ಲಿ ತೂಗುತ್ತಿರುವವರು ಓಡಿಹೋಗಲಾರರು. ಆದ್ದರಿಂದ ತಿಳಿದ ಮಾರ್ಗದರ್ಶಕರು ಬಂಡೆಗೆ ಬಂದ ಕೂಡಲೇ ಮೊದಲು ನೋಡುವುದು ದಾರಿಯನ್ನಲ್ಲ, ಗೂಡನ್ನು. ಜೇನು, ಹದ್ದು, ಕೊಂಬಿನ ಗೂಬೆ, ಯಾವುದರ ಸಂಸಾರವಿದ್ದರೂ ಆ ಬಂಡೆ ಆ ಋತುವಿಗೆ ಬಿಟ್ಟದ್ದೇ. ರಾಮನಗರದ ರಾಮದೇವರಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಅಭಯಧಾಮ ಘೋಷಿಸಿದಾಗ ಹತ್ತುವವರಲ್ಲಿ ಕೆಲವರಿಗೆ ಬೇಸರವಾಯಿತು. ನನಗೆ ಅದರಲ್ಲಿ ಎರಡು ಮಾತಿಲ್ಲ. ನಮಗೆ ಬೇರೆ ಬಂಡೆಗಳಿವೆ. ಆ ಹಕ್ಕಿಗೆ ಉಳಿದಿರುವ ಬಂಡೆಗಳು ಕೆಲವೇ.

ಮಧುಗಿರಿಯಿಂದ ಪಾವಗಡದ ದಾರಿಯಲ್ಲಿ ಮಿಡಿಗೇಶಿಯ ಕೋಟೆ ಬೆಟ್ಟವನ್ನು ರಸ್ತೆಯಿಂದಲೇ ನೋಡಿದೆವು. ಪಾವಗಡದಲ್ಲಿ ಶನಿಮಹಾತ್ಮನ ಗುಡಿಯ ಮುಂದೆ ಎಳ್ಳುಬತ್ತಿಯ ಅಂಗಡಿಗಳು, ಆಂಧ್ರದ ಬಸ್ಸುಗಳು, ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಮಾತುಗಳು. ಮೂರು ದಿಕ್ಕಿಗೂ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು ಇದು. ಟೀ ಕುಡಿದು ತಿರುಮಣಿಯ ಕಡೆ ಹೊರಟೆವು.

ತಿರುಮಣಿ ಬರುವ ಹೊತ್ತಿಗೆ ನೆಲದ ಬಣ್ಣವೇ ಬದಲಾಗುತ್ತದೆ. ಕೆಂಪುನೆಲವಿದ್ದ ಕಡೆ ಕರಿನೀಲಿ ಫಲಕಗಳ ಸಾಲು, ದಿಗಂತದವರೆಗೂ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟಿನ ಸೌರ ಉದ್ಯಾನ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣಗೊಂಡಿತು. ಜಮೀನನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಮಳೆ ಕೈಕೊಡುವ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ತುಂಬಿರುವ ಸೀಮೆಯಲ್ಲಿ ಅದು ಕಡಲೆಕಾಯಿಗಿಂತ ಖಾತ್ರಿಯಾದ ಫಸಲು. ಜಮೀನಿದ್ದವರಿಗೆ ಅನುಕೂಲವಾಯಿತು. ಕೂಲಿಗೆ ಹೋಗುತ್ತಿದ್ದವರಿಗೆ ಹೊಲವೇ ಇಲ್ಲವಾಯಿತು, ಕುರಿ ಮೇಯಿಸುವವರ ಬಯಲು ಬೇಲಿಯೊಳಗೆ ಹೋಯಿತು. ಸೋದರಮಾವ ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಬಡಿಸುತ್ತ ಇದನ್ನೆಲ್ಲ ದೂರಿನ ದನಿಯಿಲ್ಲದೆ ಹೇಳಿದರು. ‘ಬಿಸಿಲು ಒಂದು ಇತ್ತು ನಮ್ಮತ್ರ, ಅದನ್ನೂ ಮಾರಿದ್ವಿ. ಕಲ್ಲು ಉಳ್ದೈತೆ’ ಎಂದರು.

ಆ ಬಿಸಿಲೇ ನಮ್ಮ ಹೊತ್ತನ್ನೂ ಗೊತ್ತುಮಾಡುತ್ತಿತ್ತು. ಗ್ರಾನೈಟ್ ತಣ್ಣಗಿದ್ದಾಗ ರಬ್ಬರ್ ಚೆನ್ನಾಗಿ ಹಿಡಿಯುತ್ತದೆ. ಕಾದರೆ ಬೆರಳು ಬೆವರುತ್ತದೆ, ಶೂ ಮೆತ್ತಗಾಗಿ ಜಾರುತ್ತದೆ. ಚಳಿಗಾಲದಲ್ಲೂ ಇಲ್ಲಿ ಹತ್ತು ಗಂಟೆಯೊಳಗೆ ಕೆಲಸ ಮುಗಿಸಬೇಕು. ಬೆಳಕು ಹರಿಯುವ ಮೊದಲೇ ಹೊರಟು ಫಲಕಗಳ ಬೇಲಿ ದಾಟಿ ಊರಾಚೆಯ ಗುಡ್ಡಕ್ಕೆ ಬಂದೆವು. ಹೆಬ್ಬಂಡೆಗಳು ಒಂದಕ್ಕೊಂದು ಒರಗಿ ನಿಂತ ಸಣ್ಣ ಗುಡ್ಡ. ಮೇಷ್ಟ್ರು ಕತ್ತೆತ್ತಿ ಗೂಡು ಹುಡುಕುತ್ತಿದ್ದಾಗಲೇ ಆಡು ಹೊಡೆದುಕೊಂಡು ಬಂದ ಅಜ್ಜ ಕೂಗಿದರು:

‘ಆ ಕಡೆ ಹೋಗ್‌ಬ್ಯಾಡ್ರಪ್ಪಾ, ಹೆಜ್ಜೇನು ಕುಂತೈತೆ. ಈ ಮಗ್ಗುಲಾಗೆ ಹತ್ರಿ. ಪೊಟರೆ ಒಳಗೆ ಕೈ ಹಾಕ್‌ಬ್ಯಾಡ್ರಿ, ಕರಡಿ ಬಂದು ಮಲಗ್ತೈತೆ ಒಂದೊಂದ್ ದಿನ.’

ಅಜ್ಜನ ಹಿಂದೆ ನಿಂತು ನೋಡಿದಾಗ ಮಾತ್ರ ಗೂಡು ನಮಗೆ ಕಂಡಿತು. ಮೇಷ್ಟ್ರು ಅವರನ್ನು ಕೂರಿಸಿ, ಬಂಡೆಯ ಯಾವ ಮೈಯಲ್ಲಿ ಮಳೆನೀರು ಇಳಿಯುತ್ತದೆ, ಎಲ್ಲಿ ಕಲ್ಲು ಉದುರಿದೆ, ನೆತ್ತಿಗೆ ಹಿಂದಿನಿಂದ ದಾರಿ ಯಾವುದು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಕಲಿಸುವವರು ಹೀಗೆ ಕೇಳುವುದನ್ನು ನೋಡುವುದೂ ಒಂದು ಪಾಠ. ಆಡಿನ ಹಿಂದೆ ಬರಿಗಾಲಿನಲ್ಲಿ ಓಡಾಡಿದವರಿಗೆ ಬಂಡೆಯ ಸಂಗತಿ ತಿಳಿದಷ್ಟು ಯಾವ ಪುಸ್ತಕದಲ್ಲಿಯೂ ಇಲ್ಲ.

ಇಲ್ಲಿ ಬೋಲ್ಟ್ ಹೊಡೆಯಲಿಲ್ಲ. ನೆತ್ತಿಯಲ್ಲಿ ಅಲುಗದ ಒಂದು ಹೆಬ್ಬಂಡೆಯ ಬುಡಕ್ಕೂ ಸ್ವಲ್ಪ ದೂರದ ಇನ್ನೊಂದು ಬಂಡೆಗೂ ಪಟ್ಟಿ ಸುತ್ತಿ, ಎರಡರ ಮೇಲೂ ಸಮಭಾರ ಬೀಳುವಂತೆ ಹಿಗ್ಗದ ಹಗ್ಗದಿಂದ ಕಟ್ಟಿ, ಅಂಚಿಗೆ ತಂದು ಎರಡು ತಿರುಪು ಕೊಂಡಿಗಳನ್ನು ಎದುರುಬದುರಾಗಿ ಹಾಕಿದರು. ಒಂದು ಕೈಕೊಟ್ಟರೂ ಇನ್ನೊಂದು ಉಳಿಯಬೇಕು. ಅಂಚಿನ ಕಲ್ಲಿಗೆ ಹಗ್ಗ ಉಜ್ಜದಂತೆ ಮಾವನ ಮನೆಯಿಂದ ತಂದ ಗೋಣಿಚೀಲ ಮಡಿಸಿಟ್ಟರು. ನಾವು ಹೊರಟ ಮೇಲೆ ಆ ಬಂಡೆಯಲ್ಲಿ ನಮ್ಮ ಗುರುತು ಇರಬಾರದು ಎನ್ನುವುದು ಅವರ ಕಟ್ಟುನಿಟ್ಟು. ಸುಣ್ಣದ ಪುಡಿಯಂಥ ಚಾಕ್ ಗುರುತುಗಳನ್ನೂ ಹೋಗುವಾಗ ಬ್ರಷ್ಷಿನಿಂದ ಉಜ್ಜಿಸುತ್ತಿದ್ದರು.

ಅಷ್ಟರಲ್ಲಿ ಊರಿನ ಮಕ್ಕಳು ಸೇರಿದ್ದರು. ಭಾನುವಾರ. ಒಬ್ಬ ಹುಡುಗ, ‘ಕೋತಿರಾಜ್ ಹಂಗೆ ಹಗ್ಗ ಇಲ್ದೆ ಹತ್ತಾಕ್ ಬರಲ್ವಾ ಸಾರ್ ನಿಮ್ಗೆ?’ ಎಂದು ಕೇಳಿದ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಈ ಕಡೆಯ ಮಕ್ಕಳಿಗೆಲ್ಲ ಗೊತ್ತು. ಮೇಷ್ಟ್ರು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಅವರು ಎಷ್ಟು ವರ್ಷದಿಂದ ಹತ್ತುತ್ತಿದ್ದಾರೆ ಗೊತ್ತಾ? ಹಗ್ಗ ಇದ್ದರೆ ನೀನು ಬೀಳಬಹುದು. ಬಿದ್ದರೆ ಮತ್ತೆ ಹತ್ತಬಹುದು’ ಎಂದರು. ಹುಡುಗನಿಗೆ ಅದು ಸರಿಯೆನಿಸಿತು. ಹೆಲ್ಮೆಟ್ ಹಾಕಿಸಿ, ದೊಡ್ಡವರನ್ನು ಕರೆಸಿ ಒಪ್ಪಿಗೆ ಕೇಳಿ, ಒಬ್ಬೊಬ್ಬರನ್ನಾಗಿ ಹತ್ತಿಸಿದರು. ನಮಗೆ ಒಂದು ಬೆಳಗ್ಗೆ ಪೂರ್ತಿ ಬೇಕಾಗಿದ್ದುದು ಆ ಮಕ್ಕಳಿಗೆ ಹುಟ್ಟಿನಿಂದಲೇ ಇತ್ತು. ಸೊಂಟ ಹೊರಗೆ, ಹಿಮ್ಮಡಿ ಕೆಳಗೆ, ಕಣ್ಣು ಕಾಲಿನ ಮೇಲೆ. ಬರಿಗಾಲಿನ ಬೆರಳು ಹರಳನ್ನು ಹುಡುಕಿ ಹಿಡಿಯುತ್ತಿತ್ತು. ಅವರಿಗೆ ತಿಳಿಯದೆ ಇದ್ದದ್ದು ಹಗ್ಗದ ಶಿಸ್ತು ಒಂದೇ.

ಎಂಟನೇ ತರಗತಿಯ ಹುಡುಗಿಯೊಬ್ಬಳು ಹತ್ತಲು ಒಪ್ಪಲಿಲ್ಲ. ಹಗ್ಗ ಹಿಡಿಯುವುದನ್ನು ಕಲಿಸಿ ಎಂದಳು. ಮೇಷ್ಟ್ರು ಎಳೆಯುವುದು, ತಗ್ಗಿಸುವುದು, ಕೈ ಸರಿಸುವುದು ಎಂದು ನೆಲದ ಮೇಲೆಯೇ ಮಾಡಿಸಿದರು. ತಪ್ಪಿದಾಗ ಅವಳೇ ಮೊದಲಿನಿಂದ ಶುರುಮಾಡುತ್ತಿದ್ದಳು. ತಿದ್ದಬೇಕಾದ ಅಗತ್ಯವೇ ಬೀಳಲಿಲ್ಲ. ಕೊನೆಗೆ ಹತ್ತಲು ನನ್ನನ್ನು ಕರೆದರು. ಅವಳ ತೂಕ ನನ್ನ ಅರ್ಧ. ನಾನು ಜಾರಿದರೆ ಅವಳೇ ಮೇಲೆ ಎಳೆಯಲ್ಪಡದಂತೆ ಅವಳ ಹಾರ್ನೆಸ್ಸನ್ನು ಹಿಂದಿನ ಬಂಡೆಗೆ ಪಟ್ಟಿಯಿಂದ ಕಟ್ಟಿದರು, ಹಗ್ಗದ ಬಾಲವನ್ನು ಮೇಷ್ಟ್ರು ತಮ್ಮ ಕೈಯಲ್ಲಿ ಹಿಡಿದು ನಿಂತರು. ಹತ್ತುವ ಮುನ್ನ ಹಗ್ಗ ಹಿಡಿದವರನ್ನು ಕೇಳಬೇಕಾದ ಮಾತನ್ನು ನಾನು ಕಲಿತಿದ್ದ ಇಂಗ್ಲಿಷಿನಲ್ಲಿ ಕೂಗುವ ಮೊದಲೇ ಅವಳು, ‘ಹಿಡ್ಕಂಡಿದೀನಿ, ಹತ್ರಿ’ ಎಂದಳು. ನಡುಬಂಡೆಯಲ್ಲಿ ಕಾಲು ಕಿತ್ತಿತು. ಒಂದು ಗೇಣೂ ಇಳಿಯಲಿಲ್ಲ; ಹಗ್ಗ ಬಿಗಿದು ನಿಂತಿತು. ಕೆಳಗೆ ನೋಡಿದರೆ ಮೇಷ್ಟ್ರ ಕೈಯಲ್ಲಿದ್ದ ಹಗ್ಗದ ಬಾಲ ಸಡಿಲವಾಗಿಯೇ ಇತ್ತು. ನನ್ನನ್ನು ಹಿಡಿದಿದ್ದವಳು ಅವಳು.

ಅಲ್ಲಿಂದ ಬಂದ ಮೇಲೆ ನನ್ನ ತಲೆಯಲ್ಲಿ ಕೂತ ಮಾತು ಇದು: ಈ ವಿದ್ಯೆ ಬಂಡೆಯ ಕೆಳಗಿನ ಊರುಗಳದ್ದಾಗಬೇಕು. ಆಲ್ಪ್ಸ್ ಪರ್ವತದ ಶಾಮೊನಿಯಲ್ಲಿ 1821ರಲ್ಲಿ ಮಾರ್ಗದರ್ಶಕರ ಸಂಘ ಕಟ್ಟಿದವರು ಆ ಕಣಿವೆಯವರೇ, ಹೊಲ ದನ ನೋಡಿಕೊಂಡಿದ್ದ ಸಂಸಾರಗಳವರು. ಹಿಮದ ದಾರಿ ಅವರಿಗೆ ಗೊತ್ತಿತ್ತು. ಜೊತೆಗೆ ಹಗ್ಗದ ಕಸುಬು ಕಲಿತರು, ಊರಿಗೇ ಅದು ಜೀವನವಾಯಿತು. ನಮ್ಮಲ್ಲಿ 1954ರಲ್ಲಿ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಸಂಸ್ಥೆ ತೆರೆದಾಗ ಕಲಿಸುವ ಹೊಣೆ ಹೊತ್ತವರು ತೇನ್‌ಸಿಂಗ್ ನೋರ್ಗೆ. ಅವರು ಹೊರೆ ಹೊತ್ತು ಬೆಟ್ಟ ಕಲಿತವರು. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಶಿಲಾರೋಹಣದ ತರಬೇತಿ ನಡೆಸುತ್ತದೆ. ಅದರ ಒಂದು ಶಿಬಿರ ಮಧುಗಿರಿ ಪಾವಗಡದ ಸರ್ಕಾರಿ ಶಾಲೆಗಳ ಮಕ್ಕಳಿಗೆಂದೇ, ಅವರ ಬಂಡೆಗಳಲ್ಲೇ ನಡೆದರೆ ಹತ್ತು ವರ್ಷದಲ್ಲಿ ಈ ಸೀಮೆಗೆ ತನ್ನದೇ ಮಾರ್ಗದರ್ಶಕರಿರುತ್ತಾರೆ. ಈಗ ಶನಿವಾರ ಬೆಂಗಳೂರಿನಿಂದ ಬಂದು ಭಾನುವಾರ ಹೋಗುವ ನಮ್ಮಂಥವರಿಂದ ಊರಿಗೆ ಉಳಿಯುವುದು ಟೀ ಅಂಗಡಿಯ ಚಿಲ್ಲರೆ, ಕೆಲವರಿಂದ ಪ್ಲಾಸ್ಟಿಕ್ ಬಾಟಲಿ.

ಇನ್ನೂ ಒಂದು ಕಾರಣವಿದೆ. ಗ್ರಾನೈಟಿಗೆ ಇವತ್ತು ಬೆಲೆ ಬಂದಿರುವುದು ಚಪ್ಪಡಿಯಾಗಿ, ಜಲ್ಲಿಯಾಗಿ. ದಾರಿಯುದ್ದಕ್ಕೂ ಕ್ರಷರ್‌ಗಳ ಬಿಳಿದೂಳು ಹುಣಸೆ ಎಲೆಗಳ ಮೇಲೆ ಕೂತಿರುವುದನ್ನು ನೋಡಿದೆವು. ಒಡೆದ ಬಂಡೆ ಒಂದು ಸಲ ಕೂಲಿ ಕೊಡುತ್ತದೆ, ಆಮೇಲೆ ಹಳ್ಳ ಉಳಿಯುತ್ತದೆ. ಒಡೆಯದ ಬಂಡೆಯಿಂದಲೂ ಊಟ ಹುಟ್ಟೀತು ಎಂದು ತೋರಿಸದೆ, ಬಂಡೆ ಉಳಿಸಿ ಎಂದು ಊರಿನವರಿಗೆ ಹೇಳಲು ನಮಗೆ ಯಾವ ಬಾಯಿಯಿದೆ?

ಆ ದಿನ ನಾವು ಹೊರಡುವಾಗ, ಹಗ್ಗ ಹಿಡಿದಿದ್ದ ಆ ಹುಡುಗಿಯ ಅಪ್ಪ ಬಂದಿದ್ದರು. ಇದರ ತರಬೇತಿಗೆ ಎಷ್ಟು ವಯಸ್ಸಾಗಿರಬೇಕು, ಖರ್ಚು ಎಷ್ಟು, ಹೆಣ್ಣುಮಕ್ಕಳಿಗೆ ಉಳಿಯಲು ಬೇರೆ ಜಾಗ ಇರುತ್ತದಾ ಎಂದು ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಚೀಲದಿಂದ ಪುಸ್ತಕ ತೆಗೆದು, ಗೊತ್ತಿದ್ದದ್ದಕ್ಕೆ ಉತ್ತರ ಹೇಳಿ, ಉಳಿದದ್ದನ್ನು ವಿಚಾರಿಸಿ ತಿಳಿಸುವುದಾಗಿ ಅವರ ನಂಬರು ಬರೆದುಕೊಂಡರು. ಅವಳು ಅಪ್ಪನ ಪಕ್ಕದಲ್ಲಿ ನಿಂತು, ತಾನು ಕಟ್ಟಿದ್ದ ಎಂಟರ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅಭ್ಯಾಸಕ್ಕಿರಲಿ ಎಂದು ಮೇಷ್ಟ್ರು ಹಳೆಯ ಹಗ್ಗದ ಆ ತುಂಡನ್ನು ಅವಳಲ್ಲೇ ಬಿಟ್ಟರು. ‘ಇದರಲ್ಲಿ ಹತ್ತುವ ಹಾಗಿಲ್ಲ, ಗಂಟಿಗೆ ಮಾತ್ರ’ ಎಂದು ಅಪ್ಪನಿಗೂ ಕೇಳುವಂತೆ ಎರಡು ಸಲ ಹೇಳಿ ಬಸ್ಸು ಹತ್ತಿದರು.